ಉರಿಯೂತ ಶಬ್ದವಿಚಾರವೂ ಚಿನ್ನದ ಗಣಿಯ ಧೂಳುಬೇನೆಯೂ

ಶರೀರದ ಯಾವುದಾದರೊಂದು ಭಾಗವು ಕೆಂಪೇರಿ, ಕಾದು, ಊದಿಕೊಂಡು, ನೋಯುವ ವಿಕಾರಕ್ಕೆ ಇಂದಿನ ಕನ್ನಡ ವೈದ್ಯಗ್ರಂಥಗಳಲ್ಲಿಯೂ ಶಾಲೆಯ ಪಠ್ಯಪುಸ್ತಕಗಳಲ್ಲಿಯೂ 'ಉರಿಯೂತ'ವೆಂಬ ಹೆಸರು ನೆಲೆಗೊಂಡಿರುವುದು ವಾಚಕರಿಗೆ ವಿದಿತವೇ ಆಗಿದೆ. ಇಂಗ್ಲಿಷಿನ 'ಇನ್‌ಫ್ಲಮೇಷನ್' ಎಂಬ ಮಾತಿಗೆ ಪ್ರತಿಯಾಗಿ ಇದನ್ನು ನಿಲ್ಲಿಸಿದವರ ಭಾಷಾಜ್ಞಾನವನ್ನು ಮೆಚ್ಚತಕ್ಕದ್ದು. ಕೇಳಿದೊಡನೆಯೇ ಅರ್ಥವಾಗುವ, ಹಳ್ಳಿಯವನಿಗೂ ಪರಕೀಯವೆನಿಸದ ಪಾರಿಭಾಷಿಕ ಶಬ್ದಗಳು ನಮ್ಮಲ್ಲಿ ಬಹಳವಿಲ್ಲ. ಹೀಗಿದ್ದರೂ ಈ ಶಬ್ದವನ್ನು ಒರೆಗೆ ಹಚ್ಚಿ ನೋಡಬೇಕಾದ ಪ್ರಸಂಗವೊಂದು ಬಂಗಾರಪೇಟೆಯಲ್ಲಿ ನನಗೆ ಒದಗಿತು. ಆ ಪ್ರಸಂಗದಲ್ಲಿ ತಪ್ಪಿದವನು ನಾನೇ. ಅದನ್ನು ಮುಂದೆ ನಿವೇದಿಸುವೆನು. ಮೊದಲು ಶಬ್ದದ ಸ್ವರೂಪವನ್ನು ವಿಚಾರಿಸೋಣ.

ಉರಿ, ಊತ ಎಂಬೆರಡು ಅಚ್ಚಗನ್ನಡ ಪದಗಳು ಯಕಾರಾಗಮದಿಂದ ಕೂಡಿ 'ಉರಿಯೂತ'ವಾಗಿದೆ. 'ಊದು' ಧಾತುವಿನಿಂದ ಹುಟ್ಟಿದ ಭಾವನಾಮವು 'ಊತ'. ಎರಡು ಪದಗಳೂ ಕನ್ನಡವಾದುದರಿಂದ ಅರಿಸಮಾಸದ ಆಕ್ಷೇಪಣೆಗೆ ಎಡೆಯಿಲ್ಲ. ಈ ದೋಷವು 'ಸಂಧಿಯೂತ' ಎಂಬ ರೂಪಕ್ಕೆ ತಗಲುತ್ತದೆ, 'ಕೀಲೂತ'ವೆಂದಿದ್ದರೆ ತಗಲುತ್ತಿರಲಿಲ್ಲ. ಸಮಾಸವು ಯಾವುದೆಂಬಲ್ಲಿ ಮಾತ್ರ ಎರಡು ಪಕ್ಷಗಳು ಸಾಧ್ಯ. ಉರಿಯೂ ಊತವೂ ಎಂದು ದ್ವಂದ್ವವನ್ನು ಹೇಳಬಹುದು. ಉರಿಯಿಂದ ಕೂಡಿದ ಊತವೆಂದು ತತ್ಪುರುಷವನ್ನೂ ಹೇಳಬಹುದು. ಯಾವ ಪಕ್ಷವನ್ನು ಹಿಡಿದರೂ ಉರಿಯೂ ಇರಬೇಕು, ಊತವೂ ಇರಬೇಕು. ಎರಡರಲ್ಲೊಂದು ಇಲ್ಲದ ಕಡೆ ಈ ಹೆಸರು ಅನ್ವರ್ಥವಾಗದು. ಇಷ್ಟನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಸಂಸ್ಕೃತದಲ್ಲಿ ಊತಕ್ಕೆ ಶೋಫ, ಶ್ವಯಥು, ಶೋಥ ಎಂಬ ಮೂರು ಪರ್ಯಾಯಗಳನ್ನು ಅಮರಸಿಂಹನು ಮನುಷ್ಯವರ್ಗದಲ್ಲಿ ಹೇಳಿರುವನು. ಇವುಗಳಲ್ಲಿ 'ಶ್ವಯಥು' ಎಂಬುದು ವೈಯಾಕರಣರಿಗೆ ಪ್ರಿಯವಾದ ರೂಪ. ಗತಿ ವೃದ್ಧಿಗಳೆಂಬ ಅರ್ಥವುಳ್ಳ 'ಶ್ವಿ' ಧಾತುವಿಗೆ ಧಾತುಪಾಠದಲ್ಲಿ 'ಟು' ಎಂಬ ಇತ್ಸಂಜ್ಞಕವು ಸೇರಿರುವುದರಿಂದ, ಪಾಣಿನಿಯ ಮತದಂತೆ ಅದರ ಮೇಲೆ 'ಅಥುಚ್' ಪ್ರತ್ಯಯವು ಬರುತ್ತದೆ. ನಡುಕವೆಂಬರ್ಥದ ವೇಪಥು, ಸೀನೆಂಬರ್ಥದ ಕ್ಷವಥು ಎಂಬುವು ಇದೇ ಪ್ರತ್ಯಯದ ಮಕ್ಕಳು. ಬೇಯಿಸು, ಸಂತಾಪಗೊಳಿಸು ಎಂಬರ್ಥದ 'ದು' ಧಾತುವಿಗೂ ಅದೇ ಪ್ರತ್ಯಯವು ಬಂದು 'ದವಥು' ಎಂದಾಗುವುದು. ಇದಕ್ಕೆ ಅಂಗದಲ್ಲಿ ಉಂಟಾಗುವ ಉರಿಯೆಂದು ಅರ್ಥ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಪಿತ್ತಜವಾದ ೪೦ ವಿಕಾರಗಳನ್ನು ಎಣಿಸುವಾಗ ದವಥುವು ದಾಹದ ಪಕ್ಕದಲ್ಲಿಯೇ ಬಂದಿದೆ. ನಮ್ಮ ಉರಿ ಊತಗಳೆಂಬ ಜೋಡಿಗೆ ಸಂಸ್ಕೃತದಲ್ಲಿ ದವಥು ಶ್ವಯಥುಗಳೆಂಬ ಜೋಡಿಯು ಒಂದೇ ಪ್ರತ್ಯಯದಲ್ಲಿ ಸಿದ್ಧವಾಗಿತ್ತು. ಆದರೂ ಪ್ರಾಚೀನರು ಅವೆರಡನ್ನೂ ಒಂದು ಹೆಸರಾಗಿ ಬೆಸೆಯಲಿಲ್ಲ. ಬೆಸೆಯದೆ ಇದ್ದುದಕ್ಕೆ ಕಾರಣವಿದ್ದೀತೆಂದು ನನಗೆ ತೋರುತ್ತದೆ.

ಆ ಕಾರಣವನ್ನು ಸುಶ್ರುತಸಂಹಿತೆಯ ಸೂತ್ರಸ್ಥಾನದ ೧೭ನೆಯ ಅಧ್ಯಾಯದಲ್ಲಿ ಹುಡುಕಬಹುದು. ಅಲ್ಲಿ ವ್ರಣಶೋಫಕ್ಕೆ ಆಮ, ಪಚ್ಯಮಾನ, ಪಕ್ವವೆಂಬ ಮೂರು ಅವಸ್ಥೆಗಳು ಹೇಳಲ್ಪಟ್ಟಿವೆ. ಹಸಿಯಾದ ಅವಸ್ಥೆಯಲ್ಲಿ ಬಿಸಿ ಅಲ್ಪ, ನೋವು ಅಲ್ಪ. ಚರ್ಮದ ಬಣ್ಣವೂ ಕೆಡದು. ಬೇಯುತ್ತಿರುವ ಅವಸ್ಥೆಯಲ್ಲಿ ಸೂಜಿಯಿಂದ ಚುಚ್ಚಿದಂತೆಯೂ, ಇರುವೆಗಳು ಕಡಿದಂತೆಯೂ, ಬೆಂಕಿಯಿಂದ ಸುಟ್ಟಂತೆಯೂ ವೇದನೆ. ಜ್ವರ, ಬಾಯಾರಿಕೆ, ನಿಂತಲ್ಲಿ ನಿಲ್ಲಲಾಗದ ತಳಮಳ. ಊತವು ಗಾಳಿ ತುಂಬಿದ ತಿದಿಯಂತೆ ಬಿಗಿಯುವುದು. ಮಾಗಿದ ಮೇಲೆ ನೋವು ಇಳಿದು, ಚರ್ಮವು ಸುಕ್ಕಾಗಿ, ಬೆರಳಿನಿಂದ ಒತ್ತಿದರೆ ತಗ್ಗಿ ಮೇಲೇಳುವುದು. ಹಸಿಯಾದುದನ್ನು ಕೊಯ್ಯುವವನನ್ನೂ, ಮಾಗಿದುದನ್ನು ಅಲಕ್ಷ್ಯ ಮಾಡುವವನನ್ನೂ ಸುಶ್ರುತನು ಸಮಾನವಾಗಿಯೇ, ಅತಿ ಕಟುವಾಗಿ, ನಿಂದಿಸಿರುವನು. ಉರಿಯು ಈ ಮೂರರಲ್ಲಿ ನಡುವಿನ ಅವಸ್ಥೆಗೆ ಮಾತ್ರ ಲಕ್ಷಣ. ಆದಕಾರಣ ಅದು ವ್ಯಾಧಿಯ ಹೆಸರಿನೊಳಗೆ ಸೇರಲಿಲ್ಲ.

ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ಪಾಠ ಹೇಳುವಾಗ ನಾವು ಅದನ್ನು ಬೇಗ ದಾಟಿಬಿಡುತ್ತೇವೆ. ಕಫಜವಾದ ರೋಗಗಳಲ್ಲಿಯೂ ಪೆಟ್ಟಿನಿಂದಾದ ಕೆಲವು ವಿಕಾರಗಳಲ್ಲಿಯೂ ದೋಷವು ಆಳದಲ್ಲಿರುವುದರಿಂದ ಲಕ್ಷಣಗಳೆಲ್ಲವೂ ಹೊರಗೆ ಕಾಣುವುದಿಲ್ಲ. ಚರ್ಮದ ಬಣ್ಣ ಹಾಗೆಯೇ ಇರುತ್ತದೆ, ಊತ ತಣ್ಣಗಿರುತ್ತದೆ, ನೋವು ಅಲ್ಪ, ಮುಟ್ಟಿದರೆ ಕಲ್ಲಿನಂತೆ ಗಟ್ಟಿ. ಅಲ್ಲಿ ವೈದ್ಯನು ಮೋಸಹೋಗುತ್ತಾನೆ, ಮೋಸಹೋಗಬಾರದು ಎಂಬುದು ಅದರ ತಾತ್ಪರ್ಯ. ಕೀವುಗಟ್ಟಿದ ವ್ರಣವನ್ನು ಕುರಿತು ಹೇಳಿದ ಮಾತಿದು. ಆದರೂ ಕೋಲಾರದ ಸೀಮೆಯಲ್ಲಿ ಬಾಳಿದವನಿಗೆ ಇದು ಬೇರೊಂದು ಅರ್ಥವನ್ನು ಕೊಡುತ್ತದೆ.

ಪಾಶ್ಚಾತ್ಯರಲ್ಲಿ ಈ ವಿಚಾರವು ಲಕ್ಷಣಗಳಿಂದಲೇ ಆರಂಭವಾಯಿತು. ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಗ್ರಂಥಕಾರ ಸೆಲ್ಸಸ್ಸನು ರೂಬೋರ್, ಟ್ಯೂಮೋರ್, ಕಲೋರ್, ಡೋಲೋರ್, ಎಂದರೆ ಕೆಂಪು, ಊತ, ಕಾವು, ನೋವುಗಳೆಂಬ ನಾಲ್ಕನ್ನು ಹೇಳಿದನು. ಅಂಗವು ತನ್ನ ಕೆಲಸವನ್ನು ಮಾಡಲಾರದೆ ಹೋಗುವುದೆಂಬ ಐದನೆಯ ಲಕ್ಷಣವನ್ನು ೧೯ನೆಯ ಶತಮಾನದಲ್ಲಿ ಜರ್ಮನಿಯ ವಿರ್ಕೋ ಮಹಾಶಯನು ಒತ್ತಿ ಹೇಳಿದನು. ೧೮೬೭ರಲ್ಲಿ ಕೋನ್‌ಹೈಮನು ರಕ್ತನಾಳಗಳ ಗೋಡೆಯನ್ನು ದಾಟಿ ಬಿಳಿಯ ಕಣಗಳು ಹೊರಬರುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡನು; ೧೮೮೨ರಲ್ಲಿ ಮೆಚ್ನಿಕಾಫನು ಮೆಸ್ಸೀನದ ಕಡಲತೀರದಲ್ಲಿ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ, ಅದರ ಸುತ್ತ ಭಕ್ಷಕ ಕಣಗಳು ಮುತ್ತುವುದನ್ನು ತೋರಿಸಿದನು. ಅಲ್ಲಿಂದ ಮುಂದೆ ಅವರ ದೃಷ್ಟಿಯು ಹೊರಗಿನ ಲಕ್ಷಣವನ್ನು ಬಿಟ್ಟು ಒಳಗಿನ ವ್ಯಾಪಾರದ ಕಡೆಗೆ ತಿರುಗಿತು. ಹೆಸರು ಮಾತ್ರ ಬದಲಾಗಲಿಲ್ಲ. 'ಇನ್‌ಫ್ಲಮೇಷನ್' ಎಂಬುದರ ಹೊಟ್ಟೆಯಲ್ಲಿ ಇಂದಿಗೂ ಲ್ಯಾಟಿನ್ನಿನ ಜ್ವಾಲೆಯೇ ಉರಿಯುತ್ತಿದೆ. ಅಂಗವಾಚಕ ಶಬ್ದಗಳ ಕೊನೆಗೆ ಬರುವ 'ಐಟಿಸ್' ಎಂಬ ಗ್ರೀಕ್ ಪ್ರತ್ಯಯವೂ ಮೊದಲು 'ಅದಕ್ಕೆ ಸಂಬಂಧಿಸಿದ' ಎಂಬಷ್ಟೇ ಅರ್ಥವುಳ್ಳ ಸ್ತ್ರೀಲಿಂಗದ ವಿಶೇಷಣವಾಗಿತ್ತು. ಕಾಲಕ್ರಮದಲ್ಲಿ ಅದು ಉರಿಯೂತಕ್ಕೇ ರೂಢವಾಯಿತು.

ಇನ್ನು ದೇಶಭಾಷೆಯ ಮಾತು. ನಮ್ಮ ಜನರು ಈ ನಾಲ್ಕು ಲಕ್ಷಣಗಳನ್ನು ಒಟ್ಟುಗೂಡಿಸಿ ಒಂದು ಹೆಸರನ್ನು ಇಡಲಿಲ್ಲ. ಎದ್ದು ಕಂಡುದನ್ನು ಹಿಡಿದು ಹೆಸರಿಟ್ಟರು. ಊದಿದುದು ಬಾವು, ಕೆಂಪಾದುದು ಕೆಂಗಣ್ಣು, ನೋಯುವುದು ಬೇನೆ, ಕೀವುಗಟ್ಟುವುದು ಕುರು. ಚರಕನು ಹೇಳಿದ ಕರ್ಣಮೂಲಶೋಥವನ್ನು ಹೋಲುವ ಮಕ್ಕಳ ಬೇನೆಗೆ 'ಮಂಗನಬಾವು' ಎಂದದ್ದು ಎಷ್ಟು ಯಥಾರ್ಥವಾದ ಉಪಮೆ! ಗಾಯವು ಕೆಟ್ಟು ಸುತ್ತಲೂ ಕೆಂಪೇರಿದರೆ 'ನಂಜಾಯಿತು' ಎನ್ನುವರು. ನಂಜೆಂದರೆ ವಿಷ, ೧೪ನೆಯ ಶತಮಾನದ ಮಂಗರಾಜನು ಖಗೇಂದ್ರಮಣಿದರ್ಪಣವನ್ನು ಬರೆದುದು ವಿಷವೈದ್ಯಕ್ಕಾಗಿ. ಒಳಗೆ ಹೊಕ್ಕ ಪರದ್ರವ್ಯವೇ ಊತಕ್ಕೆ ಮೂಲವೆಂಬ ತಿಳಿವಳಿಕೆಯು ಈ ಒಂದು ಪದದಲ್ಲಿ ಅಡಗಿದೆ.

ಕೋಲಾರದ ಸೀಮೆಯಲ್ಲಿ ಮೂರು ಭಾಷೆಗಳು ಒಂದೇ ಜಗುಲಿಯ ಮೇಲೆ ಕುಳಿತಿರುವುದರಿಂದ ಇಲ್ಲಿ ಈ ಪದಗಳ ಬಂಧುತ್ವವು ಕಿವಿಗೇ ಗೋಚರಿಸುತ್ತದೆ. ಕನ್ನಡಿಗನು 'ಬಾವು' ಎನ್ನುವುದನ್ನು ತೆಲುಗಿನವನು 'ವಾಪು' ಎನ್ನುತ್ತಾನೆ. ತಮಿಳಿನವನು 'ವೀಕ್ಕಂ' ಎನ್ನುತ್ತಾನೆ. ಅದರ ಧಾತುವಾದ 'ವೀಂಗು' ಎಂಬುದು ನಮ್ಮ 'ಬೀಗು'. ವೇರ್ ಎಂಬುದು ಬೇರಾದಂತೆ, ವಿಲ್ ಎಂಬುದು ಬಿಲ್ಲಾದಂತೆ, ಪದಾದಿಯ ವಕಾರಕ್ಕೆ ಕನ್ನಡದಲ್ಲಿ ಬಕಾರ. ತಮಿಳಿನಲ್ಲಿ ಕಾಲು ವೀಂಗಿದರೆ ನಮ್ಮಲ್ಲಿ ಮನುಷ್ಯನೇ ಗರ್ವದಿಂದ ಬೀಗುತ್ತಾನೆ. ಅರ್ಥವು ವೈದ್ಯಶಾಸ್ತ್ರದಿಂದ ನೀತಿಶಾಸ್ತ್ರಕ್ಕೆ ಜಾರಿದ್ದಕ್ಕೆ ಇದು ಒಳ್ಳೆಯ ಉದಾಹರಣೆ. ಇಂದಿನ ತಮಿಳಿನ ಪಾರಿಭಾಷಿಕ ಶಬ್ದವಾದ 'ಅಳರ್ಚಿ'ಯು ಬೆಂಕಿಯೆಂಬರ್ಥದ 'ಅಳಲ್' ಎಂಬುದರಿಂದ ಬಂದಿದೆ. ಅವರು ಉರಿಯೊಂದನ್ನೇ ಹಿಡಿದರು, ನಾವು ಉರಿ ಊತಗಳೆರಡನ್ನೂ ಹಿಡಿದೆವು.

ಈ ಮೂರು ಭಾಷೆಯವರನ್ನು ಒಂದೆಡೆ ಸೇರಿಸಿದುದು ಚಿನ್ನ. ೧೮೮೦ರಲ್ಲಿ ಜಾನ್ ಟೇಲರ್ ಮತ್ತು ಮಕ್ಕಳ ಕಂಪೆನಿಯು ಇಲ್ಲಿ ಕಾಲಿಟ್ಟ ತರುವಾಯ ಚಾಂಪಿಯನ್ ರೀಫ್, ಮೈಸೂರು, ಊರಿಗಾಂ, ನಂದಿದುರ್ಗ ಮೊದಲಾದ ಗಣಿಗಳು ಬೆಳೆದುವು. ಆರ್ಕಾಟು ಸೇಲಂ ಸೀಮೆಗಳಿಂದ ತಮಿಳರೂ, ಚಿತ್ತೂರಿನ ಕಡೆಯಿಂದ ತೆಲುಗರೂ ಬಂದು ನೆಲೆಸಿದರು. ೧೮೯೪ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ರೈಲುದಾರಿಯಾಯಿತು. ಕಮಿಷನರ್ ಬೌರಿಂಗನ ಹೆಸರಿನ ಬೌರಿಂಗ್‌ಪೇಟೆಯು ಬಂಗಾರಪೇಟೆಯಾದುದೂ ಈ ಚಿನ್ನದ ಸಹವಾಸದಿಂದಲೇ ಇರಬೇಕು. ೧೯೦೨ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದಿತು. ಗಣಿಯು ೩ ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಇಳಿಯಿತು. ಒಟ್ಟು ಸುಮಾರು ೮೦೦ ಟನ್ ಚಿನ್ನವು ಹೊರಬಂದಿತೆಂದು ಲೆಕ್ಕ. ಇವೆಲ್ಲವೂ ಅನೇಕರು ಬರೆದಿರುವ ಸಂಗತಿಗಳಾದುದರಿಂದ ಇಲ್ಲಿ ವಿಸ್ತರಿಸುವುದಿಲ್ಲ.

ಪ್ರಕೃತಕ್ಕೆ ಬೇಕಾದ ಸಂಗತಿಯೆಂದರೆ, ಇಲ್ಲಿಯ ಚಿನ್ನವು ಬೆಣಚುಕಲ್ಲಿನ ಪದರಗಳಲ್ಲಿತ್ತು. ಬೆಣಚನ್ನು ಕೊರೆಯದೆ, ಸಿಡಿಸದೆ, ಅರೆಯದೆ ಚಿನ್ನವಿಲ್ಲ. ಕೊರೆದಾಗ ಏಳುವ ಧೂಳಿನಲ್ಲಿ ದಪ್ಪ ಕಣಗಳನ್ನು ಮೂಗು ಗಂಟಲುಗಳು ತಡೆಯುತ್ತವೆ. ಒಂದು ಮಿಲಿಮೀಟರಿನ ೨೦೦ರಲ್ಲೊಂದು ಭಾಗಕ್ಕಿಂತ ಸಣ್ಣವು ಶ್ವಾಸಕೋಶದ ಕೊನೆಯ ಗಾಳಿಗೂಡುಗಳನ್ನು ಸೇರುತ್ತವೆ. ಅಲ್ಲಿ ಮೆಚ್ನಿಕಾಫನು ಕಂಡಂಥ ಭಕ್ಷಕ ಕೋಶಗಳು ಅವನ್ನು ನುಂಗುತ್ತವೆ. ಕ್ರಿಮಿಯನ್ನು ನುಂಗಿದರೆ ಅರಗಿಸಿಕೊಳ್ಳಬಹುದು, ಕಲ್ಲನ್ನು ಅರಗಿಸಲಾಗದು. ನುಂಗಿದ ಕೋಶವು ಒಡೆದು ಸಾಯುತ್ತದೆ, ಕಣವು ಹೊರಬೀಳುತ್ತದೆ, ಬೇರೊಂದು ಕೋಶವು ಬಂದು ಅದನ್ನೇ ನುಂಗುತ್ತದೆ. ಸಾಯುವ ಕೋಶಗಳು ಹೊರಸೂಸುವ ದ್ರವ್ಯಗಳಿಂದ ಸುತ್ತಲೂ ನಾರು ಬೆಳೆದು ಗಂಟುಗಳಾಗುತ್ತವೆ. ಈ ಕೋಶಗಳೊಳಗೆ ಉರಿಯೂತದ ಕರೆಯನ್ನು ಎಬ್ಬಿಸುವ ಯಂತ್ರದಂಥ ರಚನೆಗೆ ಇನ್‌ಫ್ಲಮಸೋಮ್ ಎಂದು ಹೆಸರು. ಬೆಣಚಿನ ಹರಳು ಅದನ್ನು ಕೆರಳಿಸುವುದೆಂಬುದು ೨೦೦೮ರಲ್ಲಿ ಪ್ರಕಟವಾದ ಸಂಶೋಧನೆಗಳಿಂದ ಸ್ಪಷ್ಟವಾಯಿತು. ಸಾಮಾನ್ಯವಾಗಿ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಈ ವ್ಯಾಪಾರವು ಸದ್ದಿಲ್ಲದೆ ನಡೆದು, ಬಳಿಕ ಮೆಟ್ಟಲು ಹತ್ತುವಾಗ ಏದುಸಿರಾಗಿ ತಲೆದೋರುತ್ತದೆ. ಕೆಂಪಿಲ್ಲ, ಕಾವಿಲ್ಲ, ಹೊರಗೆ ಊತವಿಲ್ಲ, ಮೊದಮೊದಲು ನೋವೂ ಇಲ್ಲ. ಸೆಲ್ಸಸ್ಸನ ನಾಲ್ಕರಲ್ಲಿ ಒಂದೂ ಕಾಣಿಸದೆ, ವಿರ್ಕೋ ಒತ್ತಿ ಹೇಳಿದ ಐದನೆಯದೊಂದೇ ಕಾಣುವ ಉರಿಯೂತವಿದು.

ಇದಕ್ಕೆ ಹೆಸರಿಟ್ಟವರೂ ಇದನ್ನು ಉರಿಯೂತವೆಂದು ಕರೆಯಲಿಲ್ಲ. ೧೮೬೭ರಲ್ಲಿ ಜೆಂಕರನು ಧೂಳಿನಿಂದಾಗುವ ಶ್ವಾಸಕೋಶರೋಗಗಳಿಗೆ ಗ್ರೀಕಿನಿಂದ ಒಂದು ಸಾಮಾನ್ಯನಾಮವನ್ನು ಕಟ್ಟಿದನು. ೧೮೭೦ರಲ್ಲಿ ಇಟಲಿಯ ವಿಸ್ಕೋಂಟಿಯು ಲ್ಯಾಟಿನ್ನಿನ 'ಸಿಲೆಕ್ಸ್', ಎಂದರೆ ಚಕಮಕಿಕಲ್ಲು, ಎಂಬುದರಿಂದ 'ಸಿಲಿಕೋಸಿಸ್' ಎಂಬ ವಿಶೇಷನಾಮವನ್ನು ಕೊಟ್ಟನು. ಇದರ ಕೊನೆಯಲ್ಲಿರುವುದು 'ಐಟಿಸ್' ಅಲ್ಲ, 'ಓಸಿಸ್'. ಒಂದು ಸ್ಥಿತಿ ಎಂಬಷ್ಟೇ ಅದರ ಅರ್ಥ. ೧೯೩೦ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯವರು ಜೊಹಾನ್ಸ್‌ಬರ್ಗಿನಲ್ಲಿ ಈ ರೋಗವನ್ನು ಕುರಿತೇ ಸಮ್ಮೇಳನವನ್ನು ಕೂಡಿಸಿದರು. ಅಲ್ಲಿಯೂ ಚಿನ್ನದ ಗಣಿಗಳೇ ಕಾರಣ. ಭಾರತದಲ್ಲಿ ಇದರ ಮೊದಲ ವರದಿಯು ೧೯೪೭ರಲ್ಲಿ ಬಂದುದು ನಮ್ಮ ಕೋಲಾರದ ಚಿನ್ನದ ಗಣಿಗಳಿಂದ. ಅಷ್ಟರಲ್ಲಿ ಗಣಿಯ ಕೆಲಸವು ಆರು ದಶಕಗಳನ್ನು ಮೀರಿತ್ತು. ಆ ಅವಧಿಯಲ್ಲಿ ಉಸಿರುಗಟ್ಟಿದವರು ಸತ್ತುದು ಯಾವ ಹೆಸರಿನಿಂದ? ಕನ್ನಡದಲ್ಲಿ ದಮ್ಮು, ಗೂರಲು, ತೆಲುಗಿನಲ್ಲಿ ಉಬ್ಬಸಂ, ತಮಿಳಿನಲ್ಲಿ ಇಳೈಪ್ಪು, ರಕ್ತ ಬಂದರೆ ಎಲ್ಲರ ಬಾಯಲ್ಲಿಯೂ ಕ್ಷಯ.

ಕ್ಷಯವೆಂಬುದು ಪೂರ್ತಿ ಸುಳ್ಳೂ ಅಲ್ಲ. ಬೆಣಚು ನುಂಗಿ ಕುಂದಿದ ಭಕ್ಷಕ ಕೋಶಗಳು ಕ್ಷಯದ ಕ್ರಿಮಿಯನ್ನು ಕೊಲ್ಲಲಾರವು. ಆದಕಾರಣ ಧೂಳುಬೇನೆಯ ಬೆನ್ನಿಗೆ ಕ್ಷಯವು ಬರುವುದು ಸಾಮಾನ್ಯ. ಹೊಗೆ ಗಾಳಿಗಳೊಡನೆ ರಜಸ್ಸನ್ನು, ಎಂದರೆ ಧೂಳನ್ನು, ಶ್ವಾಸರೋಗಕ್ಕೆ ಕಾರಣವೆಂದು ಚರಕನು ಹಿಕ್ಕಾಶ್ವಾಸಗಳ ಪ್ರಕರಣದಲ್ಲಿಯೇ ಎಣಿಸಿದ್ದನು. ನನ್ನ ಸಹಾಧ್ಯಾಯಿಯೊಬ್ಬರು ರಾಜಯಕ್ಷ್ಮವನ್ನು 'ರಜೋಯಕ್ಷ್ಮ'ವೆಂದು ತಿದ್ದಬೇಕೆಂದು ವಿನೋದಕ್ಕೆ ಹೇಳುತ್ತಿದ್ದರು. ವ್ಯುತ್ಪತ್ತಿಯು ತಪ್ಪು, ಚಂದ್ರನೆಂಬ ರಾಜನ ಕಥೆಗೆ ವಿರುದ್ಧ. ಆದರೆ ಮಾರಿಕುಪ್ಪಂನಲ್ಲಿ ನಿಂತು ಕೇಳಿದಾಗ ನಗು ಬರುತ್ತಿರಲಿಲ್ಲ.

ಈಗ ಆರಂಭದಲ್ಲಿ ಸೂಚಿಸಿದ ಪ್ರಸಂಗ. ಗಣಿಗಳು ಮುಚ್ಚುವುದಕ್ಕೆ ಕೆಲವು ವರ್ಷಗಳ ಮೊದಲು ಬಂಗಾರಪೇಟೆಯಲ್ಲಿ ನನ್ನ ನೆರೆಯಲ್ಲಿದ್ದ, ನೆಲದೊಳಗೆ ಕೊರೆಯುವ ಕೆಲಸ ಮಾಡಿ ನಿವೃತ್ತನಾದ ತಮಿಳು ಮಾತಿನ ವೃದ್ಧನೊಬ್ಬನು ಇಂಗ್ಲಿಷಿನಲ್ಲಿದ್ದ ವೈದ್ಯಪತ್ರವೊಂದನ್ನು ತಂದು, ಪರಿಹಾರಕ್ಕಾಗಿ ಕನ್ನಡದಲ್ಲಿ ಅರ್ಜಿ ಬರೆದುಕೊಡಬೇಕೆಂದು ಕೇಳಿದನು. ಪತ್ರದಲ್ಲಿ ಸಿಲಿಕೋಸಿಸ್ ಎಂದಿತ್ತು. ಪರಭಾಷೆಯ ಶಬ್ದವನ್ನು ಹಾಗೆಯೇ ಇಡುವುದು ಪಾಂಡಿತ್ಯಕ್ಕೆ ಕುಂದೆಂದು ಆಗ ನನ್ನ ಭಾವನೆ. ವೈದ್ಯರನ್ನು ವಿಚಾರಿಸಿ, ಇದು ಒಂದು ಬಗೆಯ ಉರಿಯೂತವೆಂದು ತಿಳಿದು, 'ಶ್ವಾಸಕೋಶದ ದೀರ್ಘಕಾಲಿಕ ಉರಿಯೂತ'ವೆಂದು ಬರೆದೆನು. ಓದಿ ಹೇಳಿದಾಗ ಆ ವೃದ್ಧನು ಎದೆಯ ಮೇಲೆ ಕೈಯಿಟ್ಟು, ತನಗೆ ಉರಿಯೂ ಇಲ್ಲ, ಊತವೂ ಇಲ್ಲ, ಉಸಿರೊಂದೇ ಇಲ್ಲವೆಂದನು. ಶಾಸ್ತ್ರವು ಅವನಿಗೇನು ಗೊತ್ತೆಂದು ನಾನು ಸುಮ್ಮನಾದೆನು. ಅರ್ಜಿಯು ಕೆಲವು ತಿಂಗಳ ಮೇಲೆ ಹಿಂದಿರುಗಿತು. ಈ ಹೆಸರಿನ ರೋಗವು ಪಟ್ಟಿಯಲ್ಲಿಲ್ಲವೆಂದು ಷರಾ.

ಪಟ್ಟಿಯನ್ನು ನಾನು ಓದಿದುದು ಆ ಬಳಿಕ. ೧೯೨೩ರ ಕಾರ್ಮಿಕ ಪರಿಹಾರದ ಕಾಯಿದೆಯ ಮೂರನೆಯ ಅನುಬಂಧದಲ್ಲಿ ಸಿಲಿಕೋಸಿಸ್ ಹೆಸರು ಹಿಡಿದೇ ನಮೂದಾಗಿತ್ತು. ಕ್ಷಯದೊಡನೆ ಕೂಡಿದ ಧೂಳುಬೇನೆಯೂ ಇತ್ತು. ಆದರೆ ಅಶಕ್ತಿಗಾಗಲಿ ಮರಣಕ್ಕಾಗಲಿ ಧೂಳುಬೇನೆಯು ಮುಖ್ಯಕಾರಣವಾಗಿರಬೇಕೆಂಬ ನಿಬಂಧನೆಯ ಸಹಿತ. ಮೀಮಾಂಸಕರು ಪ್ರಧಾನ ಗುಣಗಳೆಂದು ವಾದಿಸುವುದೆಲ್ಲವೂ ಈ ಒಂದು ನಿಬಂಧನೆಯಲ್ಲಿದೆ. ಬರಿಯ ಕ್ಷಯವೆಂದು ಬರೆದರೆ ದೈವಗತಿ. ಸಿಲಿಕೋಸಿಸ್ ಎಂದು ಬರೆದರೆ ಋಣ. ಎರಡನೆಯ ಅರ್ಜಿಯಲ್ಲಿ ಆ ಶಬ್ದವನ್ನು ಕನ್ನಡ ಲಿಪಿಯಲ್ಲಿ ಇದ್ದಂತೆಯೇ ಬರೆದೆನು. ಆ ವೇಳೆಗೆ ಅರ್ಜಿಗೆ ಹೆಬ್ಬೆಟ್ಟು ಒತ್ತಬೇಕಾದವಳು ಅವನ ಹೆಂಡತಿಯಾಗಿದ್ದಳು.

ಹಾಗಾದರೆ 'ಉರಿಯೂತ'ವೆಂಬ ಶಬ್ದವೇ ದುಷ್ಟವೆ? ನನ್ನ ಅಭಿಪ್ರಾಯವು ಹಾಗಲ್ಲ. ಶಬ್ದಗಳು ಯೌಗಿಕವೆಂದೂ ರೂಢವೆಂದೂ ಇರುವುದು ವಿದ್ವಾಂಸರಿಗೆ ಹೊಸತಲ್ಲ. 'ಕುಶಲ'ನೆಂದಾಗ ದರ್ಭೆಯನ್ನು ಕೊಯ್ಯುವವನನ್ನು ಯಾರೂ ಹುಡುಕುವುದಿಲ್ಲ. 'ಮಂಡಪ'ವೆಂದಾಗ ಗಂಜಿ ಕುಡಿಯುವವನನ್ನು ನೆನೆಯುವುದಿಲ್ಲ. ವೈದ್ಯನಿಗೆ 'ಉರಿಯೂತ'ವು ರೂಢಶಬ್ದ. ಕಣಗಳ ಒಳವ್ಯಾಪಾರಕ್ಕೆ ಅದು ಸಂಕೇತ. ರೋಗಿಗೆ ಅದು ಶುದ್ಧ ಯೌಗಿಕ. ಉರಿಯನ್ನೂ ಊತವನ್ನೂ ಅವನು ಮೈಮೇಲೆ ಹುಡುಕುತ್ತಾನೆ. ಕನ್ನಡದ ಶಬ್ದವು ಇಷ್ಟು ತಿಳಿಯಾಗಿರುವುದೇ ಇಲ್ಲಿ ತೊಡಕಾಯಿತು. ಇಂಗ್ಲಿಷಿನವನಿಗೆ ತನ್ನ ಶಬ್ದದೊಳಗಿನ ಜ್ವಾಲೆಯು ಮರೆತುಹೋಗಿದೆ, ನಮಗೆ ಮರೆತಿಲ್ಲ. ೧೯೫೩ರಲ್ಲಿ ಕಾರ್ಡಿಫ್ ನಗರದ ವೈದ್ಯ ಕ್ಯಾಪ್ಲನ್ ಕಲ್ಲಿದ್ದಲ ಗಣಿಯವರನ್ನು ಪರೀಕ್ಷಿಸಿ, ಕೀಲುಗಳ ಉರಿಯೂತವಿದ್ದವರ ಶ್ವಾಸಕೋಶದಲ್ಲಿ ಧೂಳಿನ ಗಂಟುಗಳು ವಿಶೇಷ ರೂಪದಲ್ಲಿ ಕಾಣುವುದನ್ನು ವರ್ಣಿಸಿದನು. ಕೀಲಿನಲ್ಲಿ ಉರಿಯೂ ಊತವೂ ಕಣ್ಣಿಗೆ ಕಾಣುತ್ತವೆ, ಎದೆಯಲ್ಲಿ ಕಾಣುವುದಿಲ್ಲ. ವ್ಯಾಪಾರವು ಒಂದೇ ಕುಲದ್ದು.

ಬದಲಿಗೆ ಏನನ್ನು ಇಡೋಣವೆಂದರೆ, ಸಂಸ್ಕೃತದಿಂದಲೂ ಸುಲಭವಾಗಿ ಉತ್ತರ ಸಿಕ್ಕುವುದಿಲ್ಲ. 'ಶೋಥ'ವು ಅತಿವ್ಯಾಪ್ತ; ಹೃದಯ ಮೂತ್ರಪಿಂಡಗಳ ದೌರ್ಬಲ್ಯದಿಂದ ಕಾಲಿನಲ್ಲಿ ನೀರು ತುಂಬಿದರೂ ಅದು ಶೋಥವೇ. 'ಪಾಕ'ವು ಕೀವಾಗುವ ವಿಕಾರಕ್ಕೆ ಸಲ್ಲುತ್ತದೆ, ನಾರುಗಟ್ಟುವುದಕ್ಕೆ ಸಲ್ಲದು. 'ದಾಹ'ವನ್ನು ಕನ್ನಡಿಗನು ಬಾಯಾರಿಕೆಯೆಂದೇ ತಿಳಿಯುವನು. ಆದುದರಿಂದ 'ಉರಿಯೂತ'ವನ್ನೇ ಉಳಿಸಿಕೊಳ್ಳತಕ್ಕದ್ದು. ಆದರೆ ಅದು ರೂಢಶಬ್ದವೆಂದು ಪಾಠದಲ್ಲಿ ಬಾಯಿಬಿಟ್ಟು ಹೇಳತಕ್ಕದ್ದು, ಉರಿ ಊತಗಳಿಲ್ಲದ ಉರಿಯೂತಕ್ಕೆ ಕೋಲಾರದ ಉದಾಹರಣೆಯನ್ನು ಕೊಡತಕ್ಕದ್ದು. ಕಾಗದಪತ್ರಗಳಲ್ಲಿ ಮಾತ್ರ 'ಸಿಲಿಕೋಸಿಸ್' ಎಂಬುದನ್ನು ಭಾಷಾಂತರಿಸಲಾಗದು. ಅದು ಕಾಯಿದೆಯ ಮಂತ್ರಾಕ್ಷರ. ಅದರ ಪಕ್ಕದಲ್ಲಿ ವಿವರಣೆಗಾಗಿ 'ಬೆಣಚುಧೂಳಿನ ಎದೆಬೇನೆ' ಎಂದು ಬರೆಯಬಹುದು. 'ಧೂಳು', 'ಬೇನೆ' ಎರಡೂ ತದ್ಭವಗಳಾದುದರಿಂದ ಅರಿಸಮಾಸವೂ ಆಗದು.

ಗಣಿಗಳು ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿದುವು. ಧೂಳಿನ ಸಂಪರ್ಕವು ನಿಂತ ಮೇಲೂ ಈ ಬೇನೆಯು ಬೆಳೆಯಬಲ್ಲದು. ಬೆಣಚನ್ನು ಅರೆದು ಬಿಸುಟ ಮೂರು ಕೋಟಿ ಟನ್ನಿಗೂ ಮಿಕ್ಕ ಪುಡಿಯು ಸಯನೈಡ್ ದಿಬ್ಬಗಳೆಂಬ ಹೆಸರಿನಲ್ಲಿ ಊರಿನ ನಡುವೆಯೇ ನಿಂತು, ಗಾಳಿಗಾಲದಲ್ಲಿ ಮನೆಗಳೊಳಗೆ ಬಂದು ಕೂರುತ್ತದೆ. ಆ ಬಡಾವಣೆಗಳ ಮುದುಕರೂ ವಿಧವೆಯರೂ ಈ ಬೇನೆಗೆ ತಮ್ಮ ತಮ್ಮ ಭಾಷೆಗಳಲ್ಲಿ ಇಟ್ಟುಕೊಂಡಿರುವ ಹೆಸರುಗಳನ್ನು ಇನ್ನೂ ಯಾರೂ ಕ್ರಮವಾಗಿ ಬರೆದಿಟ್ಟಂತೆ ಕಾಣುವುದಿಲ್ಲ. ರಾಬರ್ಟ್‌ಸನ್‌ಪೇಟೆ, ಚಾಂಪಿಯನ್ ರೀಫ್, ಮಾರಿಕುಪ್ಪಂ, ಬಂಗಾರಪೇಟೆಗಳ ಉಪಾಧ್ಯಾಯರು ತಮ್ಮ ವಿದ್ಯಾರ್ಥಿಗಳ ಮನೆಗಳಿಂದ ಅಂಥ ಪದಗಳನ್ನು, ಹೇಳಿದವರ ಉಚ್ಚಾರಣೆಯನ್ನು ಬದಲಿಸದೆ, ಸಂಗ್ರಹಿಸಿ ಈ ಪತ್ರಿಕೆಗೆ ಕಳುಹಿಸಿಕೊಟ್ಟರೆ ಅವುಗಳನ್ನು ಮುಂದಿನ ಲೇಖನದಲ್ಲಿ ಅಕಾರಾದಿಯಾಗಿ ಪ್ರಕಟಿಸುವೆನು.